ಹತ್ತಿಬೀಜಕ್ಕೆ ತೂಗಿದ ಮೈ

ಆಪರೇಷನ್ ಮಾಡಿಸಿಕೊಳ್ಳಬೇಕೆಂದು ಯಾವಾಗ ತೀರ್ಮಾನಿಸಿದೆ ಎಂದು ಯಾರಾದರೂ ಕೇಳಿದರೆ ಹೇಳಲು ನನ್ನ ಬಳಿ ಒಂದು ಕಥೆ ತಯಾರಿದೆ. ದಿಂಡಿಗಲ್ಲಿನಿಂದ ಕಂಬಂಗೆ ಹೋಗುವ ಬಸ್ಸು. ಇಬ್ಬರು ಕೂರುವ ಸೀಟಿನಲ್ಲಿ ನಾನೊಬ್ಬಳೇ. ಪಕ್ಕದಲ್ಲಿ ಕೂರಲು ಬಂದ ಹೆಂಗಸು ಒಮ್ಮೆ ಸೀಟನ್ನೂ ಒಮ್ಮೆ ನನ್ನನ್ನೂ ನೋಡಿ ನಿಂತೇ ಇರುತ್ತಾಳೆ. ಕಂಡಕ್ಟರ್ ಬಂದು, "ಏನಕ್ಕಾ, ಟಿಕೆಟ್ ಒಂದಾ, ಎರಡಾ?" ಎಂದು ಕೇಳುತ್ತಾನೆ. ಹಿಂದಿನವರು ನಗುತ್ತಾರೆ. ಬತ್ತಲಗುಂಡು ಬಂದಾಗ ನಾನು ಇಳಿದುಬಿಡುತ್ತೇನೆ, ನಿಲ್ದಾಣದ ಹೂವಿನಂಗಡಿಯ ಪಕ್ಕ ನಿಂತು ಗಂಡನಿಗೆ ಫೋನ್ ಮಾಡಿ, "ಮಾಡಿಸ್ಕೊಂಡೇ ಬಿಡ್ತೀನಿ" ಎನ್ನುತ್ತೇನೆ.

ಈ ಕಥೆಯನ್ನು ಡಾಕ್ಟರಿಗೆ ಹೇಳಿದ್ದೇನೆ, ಆಸ್ಪತ್ರೆಯ ಸಲಹೆಗಾರ್ತಿಗೆ ಹೇಳಿದ್ದೇನೆ, ಮಿಲ್ಲಿನ ಗೆಳತಿಯರಿಗೂ ಹೇಳಿದ್ದೇನೆ. ಹೇಳಿದಷ್ಟೂ ಕಂಡಕ್ಟರ್ ಚುರುಕಾಗುತ್ತ ಹೋದ. ಈಗ ಅವನು ನಿಜವಾಗಿ ಹಾಗೆ ಕೇಳಿದನೇ ಎಂಬುದೇ ನನಗೆ ಗಟ್ಟಿಯಿಲ್ಲ. ನನ್ನ ಜೊತೆ ಇನ್ನೊಬ್ಬರಿದ್ದಾರೆ ಎಂದುಕೊಂಡು ಸಹಜವಾಗಿಯೇ ಕೇಳಿರಬಹುದು. ಯಾರೂ ನಗದೆಯೂ ಇದ್ದಿರಬಹುದು. ನಾನು ಬತ್ತಲಗುಂಡಿನಲ್ಲಿ ಇಳಿದದ್ದು ನಿಜ, ಆದರೆ ಮೂತ್ರಕ್ಕೆ ಅವಸರವಾಗಿ ಇಳಿದಿದ್ದೆನೇನೋ. ಸಕ್ಕರೆ ಕಾಯಿಲೆಯವರಿಗೆ ಅದೊಂದು ದೊಡ್ಡ ಕಾಟ.

ಹೇಳಲು ಚೆಂದವಿಲ್ಲದ ಸಂಗತಿಗಳು ಬೇರೆ ಇದ್ದವು. ವೇದಸಂದೂರಿನ ಹತ್ತಿರದ ನೂಲಿನ ಗಿರಣಿಯಲ್ಲಿ ಹತ್ತಿಯ ಗುಣಮಟ್ಟ ನೋಡುವುದು ನನ್ನ ಕೆಲಸ. ಹತ್ತಿಯ ಎಳೆಯನ್ನು ಬೆರಳಿನಿಂದ ಎಳೆದು ಉದ್ದ ನೋಡುತ್ತಿರುವಾಗಲೇ ಕೂತಲ್ಲೇ ನಿದ್ದೆ ಹೋಗುತ್ತಿದ್ದೆ. ಲ್ಯಾಬಿಗೆ ಹೋಗುವ ಮೆಟ್ಟಿಲಿನ ನಡುವೆ ನಿಂತು, ಯಾರಾದರೂ ಬಂದರೆ ಫೋನ್ ನೋಡುವ ಹಾಗೆ ನಟಿಸುತ್ತಿದ್ದೆ. ನಿದ್ದೆಯಲ್ಲಿ ನನ್ನ ಉಸಿರು ನಿಂತುನಿಂತು ಬರುತ್ತದೆ ಎಂದು ಗಂಡ ಹೇಳುತ್ತಿದ್ದರು. ತೀರ್ಮಾನವೆಂಬುದು ಒಂದು ದಿನ ಆಗಲಿಲ್ಲ, ಗೋಡೆಯೊಳಗೆ ಇಂಗುವ ತೇವದ ಹಾಗೆ ಎಲ್ಲಿಂದಲೋ ಬಂತು. ಅದು ಕಲೆಯಾಗಿ ಕಾಣಿಸಿದ ಮೇಲೆ ಮನೆಯವರಿಗೆ ಹೇಳಲೇಬೇಕಾಯಿತು. ಮನೆಯೆಂದರೆ ಅವ್ವ.

ಅವ್ವ ಇರುವುದು ಕಾಮಯಗೌಂಡನ್‌ಪಟ್ಟಿಯಲ್ಲಿ, ದ್ರಾಕ್ಷಿ ತೋಟ ನೋಡಿಕೊಳ್ಳುವ ನನ್ನ ಅಣ್ಣನ ಜೊತೆ. ಒಂದು ಭಾನುವಾರ ನಾನೂ ಗಂಡನೂ ಹೋದೆವು. ಜಗಲಿಯ ಮೇಲೆ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಒಂದು ಹಿಡಿ ತೆಗೆದುಕೊಂಡು ಸುಲಿಯುತ್ತಲೇ ವಿಷಯ ತೆಗೆದೆ. ಹೊಟ್ಟೆಗೆ ಸಣ್ಣ ಸಣ್ಣ ತೂತು ಮಾಡಿ ಒಳಗಿನ ಚೀಲವನ್ನು ಚಿಕ್ಕದು ಮಾಡುತ್ತಾರೆ, ಆಮೇಲೆ ಹೆಚ್ಚು ತಿನ್ನಲಾಗುವುದಿಲ್ಲ, ಸಕ್ಕರೆಯೂ ಹಿಡಿತಕ್ಕೆ ಬರುತ್ತದೆ, ಮಧುರೈನಲ್ಲಿ ಒಳ್ಳೆಯ ಡಾಕ್ಟರ್ ಇದ್ದಾರೆ ಎಂದೆಲ್ಲ.

"ಚಿಕ್ಕದು ಅಂದ್ರೆ? ಒಲಿಗೆ ಆಕಿ ಬಿಗೀತಾರಾ?"

"ಇಲ್ಲವ್ವ. ಕುಯ್ದು ತಗೀತಾರೆ. ಮುಕ್ಕಾಲ್ ಪಾಲು."

"ಮುಕ್ಕಾಲಾ!" ಅವ್ವ ಮೊರ ಕೆಳಗಿಟ್ಟಳು. "ಮುಕ್ಕಾಲು ಮನೆ ಕೆಡವಾಕಿ ಕಾಲು ಮನೇಲಿ ಸಂಸಾರ ಮಾಡ್ತಾರೇನೇ ಯಾರಾದ್ರೂ?"

ಅಣ್ಣ ಒಳಗಿನಿಂದ ಬಂದ. "ಬತ್ತಲಗುಂಡ್ನಾಗೆ ಒಬ್ಳು ಇಂಗೇ ಮಾಡಸ್ಕೊಂಡ್ಳು. ನಡ್ಕೊಂಡು ಓದೋಳು ವ್ಯಾನ್ನಾಗೆ ಬಂದ್ಳು."

ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಆ ಹೆಂಗಸು ವೇದಸಂದೂರಿನವಳಾಗಿದ್ದಳು, ಅವಳಿಗೆ ಎರಡು ಚಿಕ್ಕ ಮಕ್ಕಳೂ ಹುಟ್ಟಿದ್ದರು.

"ಅಣ್ಣ, ಮಧ್ಯಾನ ಬತ್ತಲಗುಂಡು ಅಂದೆ."

"ಯಾವೂರಾದ್ರೇನು? ಸತ್ತೋಳು ಸತ್ಲು ತಾನೆ?"

ಅವ್ವ ನನ್ನ ಗಂಡನ ಕಡೆ ತಿರುಗಿದಳು. ಅವರು ಅವ್ವನ ಅಣ್ಣನ ಮಗ. ಎತ್ತಿ ಆಡಿಸಿದ ಹುಡುಗನಾದ್ದರಿಂದ ಏಕವಚನದಲ್ಲೇ ಕರೆಯುತ್ತಾಳೆ, ಕೋಪ ಬಂದಾಗ ಮಾತ್ರ ಅಳಿಯನಿಗೆ ಸಲ್ಲಬೇಕಾದ ಬಹುವಚನ ಬರುತ್ತದೆ. "ಏನ್ ಮಾಪ್ಳೆ, ನಮ್ ಉಡ್ಗಿ ದಪ್ಪ ಆದ್ಲು ಅಂತ ನಿಮ್ಗೆ ನಾಚ್ಕೆಯಾ? ಬ್ಯಾಡ ಅಂದ್ರೆ ಇಲ್ಲೇ ಬುಟ್ಟು ಓಗಿ. ನಮ್ಮನೇಲಿ ಉಣ್ಣಾಕೆ ಇಟ್ಟೈತೆ."

"ನಂಗೇನ್ ನಾಚ್ಕೆ ಅತ್ತೆ? ಇವ್ಳು ಉಸ್ರು ಬಿಡ್ತಾವ್ಳಾ ಇಲ್ವಾ ಅಂತ ಮೂಗಿಗೆ ಬೆರಳಿಟ್ಟು ನೋಡೋನು ನಾನು. ಒಂದಿನ ಬಂದು ನೀವು ಇಟ್ಟು ನೋಡಿ."

ಅವ್ವ ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡಳು. ನನಗೆ ಗೆದ್ದಂತೆನಿಸಿತು. ಗೆದ್ದಂತೆನಿಸಿದ್ದಕ್ಕೆ ಅಲ್ಲೇ ನಾಚಿಕೆಯೂ ಆಯಿತು. ಯಾಕೆಂದರೆ ಅವ್ವನಿಗೆ ಉಸಿರು ನೋಡುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ನಾನು ತಿಂಗಳು ತುಂಬುವ ಮೊದಲೇ ಹುಟ್ಟಿದವಳು. ಕುಡಿದ ಹಾಲು ನಿಲ್ಲುತ್ತಿರಲಿಲ್ಲವಂತೆ. ಹತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗೆ ಹಿಂಡುತ್ತಿದ್ದರಂತೆ. ಆಗ ಅವ್ವ ಹರಕೆ ಹೊತ್ತಳು: ಈ ಕೂಸು ಬದುಕಿ ಮೈ ತುಂಬಿಕೊಂಡರೆ, ಅದರ ತೂಕಕ್ಕೆ ತೂಕ ಹತ್ತಿಬೀಜವನ್ನು ಸಾಮಿಯ ದನಗಳಿಗೆ ಕೊಡುತ್ತೇನೆ.

ತಮಿಳರ ನಡುವೆ ಮನೆಯಲ್ಲಿ ಕನ್ನಡ ಆಡುವ ನಮ್ಮ ಕುಲದವರಿಗೆ ಒಂದು ದೊಡ್ಡಿ ಇದೆ. ಅಲ್ಲಿರುವ ದನಗಳನ್ನು ಯಾರೂ ಹೂಡುವುದಿಲ್ಲ, ಹಾಲು ಕರೆಯುವುದಿಲ್ಲ, ಮಾರುವುದಿಲ್ಲ. ಅವೇ ನಮ್ಮ ಸಾಮಿ. ಹರಕೆಯವರು ಹುಲ್ಲು ಕೊಡುತ್ತಾರೆ, ಹಿಂಡಿ ಕೊಡುತ್ತಾರೆ, ಮನೆಯಲ್ಲಿ ಹುಟ್ಟಿದ ಕರುವನ್ನೇ ಬಿಟ್ಟು ಬರುವವರೂ ಇದ್ದಾರೆ. ಮಗುವನ್ನು ತೂಗಿ ಹತ್ತಿಬೀಜ ಕೊಡುವುದು ಅಪರೂಪವೇನಲ್ಲ. ಆದರೆ ಅದನ್ನು ಮಗು ನಡೆಯಲು ಕಲಿಯುವುದರೊಳಗೆ ಮುಗಿಸುತ್ತಾರೆ. ನನ್ನದು ಉಳಿದುಹೋಯಿತು. ಒಂದು ವರ್ಷ ಅಜ್ಜ ತೀರಿಕೊಂಡ, ಇನ್ನೊಂದು ವರ್ಷ ಯಾರಿಗೋ ಹೆರಿಗೆಯ ಮೈಲಿಗೆ. ಆಮೇಲೆ ಮದುವೆಗೆ ಮುಂಚೆ ಎಂದರು. ಅಷ್ಟರಲ್ಲಿ ನಾನು ಎಷ್ಟು ತುಂಬಿಕೊಂಡಿದ್ದೆನೆಂದರೆ, ನೆಂಟರೆಲ್ಲರ ಮುಂದೆ ತಕ್ಕಡಿಯಲ್ಲಿ ಕೂರುವುದಕ್ಕಿಂತ ಬಾವಿಗೆ ಹಾರುತ್ತೇನೆ ಎಂದೆ. ಅವ್ವ ಪ್ರತಿ ವರ್ಷ ಸಂಕ್ರಾಂತಿಯ ತೈ ತಿಂಗಳಲ್ಲಿ ಒಮ್ಮೆ ಕೇಳುತ್ತಿದ್ದಳು. ನಾನು ಪ್ರತಿ ಸಲವೂ ಬರುವ ವರ್ಷ ಎನ್ನುತ್ತಿದ್ದೆ.

ಆ ಭಾನುವಾರ ಹೊರಡುವಾಗ ಅವ್ವ ಚೀಲಕ್ಕೆ ಸುಲಿದ ಅವರೆಕಾಳು ತುಂಬುತ್ತ, ನನ್ನ ಮುಖ ನೋಡದೆ ಹೇಳಿದಳು: "ಮಾಡಸ್ಕೊ. ಬ್ಯಾಡ ಅನ್ನಾಕೆ ನಾ ಯಾರು? ಆದ್ರೆ ಸಾಮಿ ಬೀಜ ಕೊಟ್ಬುಟ್ಟು ಓಗು. ಇರೋ ಮೈನಾಗೇ ಕೂರ್ಬೇಕು. ಇಳಿಸ್ಕೊಂಡು ಬಂದು ಕುಂತ್ರೆ ಸಾಮಿಗೇ ಮೋಸ ಮಾಡ್ದಂಗೆ."

ಅಣ್ಣನಿಗೆ ನನ್ನ ಮೇಲೆ ಕನಿಕರ ಬಂತು. "ಅವ್ವ, ಇವ್ಳನ್ನ ಯಾಕೆ ಕೂರ್ಸೋದು? ಆಸ್ಪತ್ರೇಲಿ ತೂಗಿರ್ತಾರಲ್ಲ. ಆ ನಂಬರ್ ಕೊಟ್ರೆ ಅಷ್ಟು ಮೂಟೆ ಇಳಿಸ್ಬುಟ್ಟು ಬರ್ತೀನಿ."

"ಸಾಮಿಗ್ಯಾಕೋ ನಂಬರು? ನಾ ಅರಕೆ ಒತ್ತಿದ್ದು ಮಗ್ಳು ಮ್ಯಾಲೆ."

ಒಪ್ಪಿದೆ. ಒಪ್ಪುವಾಗ ನನ್ನ ಮನಸ್ಸಿನಲ್ಲಿದ್ದದ್ದು ಭಕ್ತಿಯಲ್ಲ. ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ದ್ರವ ಆಹಾರದಲ್ಲಿರಬೇಕು, ಅದು ಶುರುವಾಗುವ ಮುಂಚೆ ಒಂದು ದಿನ ಕೂತು ಎದ್ದರೆ ಅವ್ವನ ಒಪ್ಪಿಗೆ ಸಿಗುತ್ತದೆ. ಇಷ್ಟು ವರ್ಷ ಬಾವಿಗೆ ಹಾರುತ್ತೇನೆ ಎಂದವಳು ಇಷ್ಟು ಬೇಗ ಹೂಂ ಅಂದದ್ದು ಹೇಗೆಂದು ಗಂಡ ದಾರಿಯಲ್ಲಿ ಕೇಳಿದರು. ಭಯಕ್ಕಿಂತ ನಾಚಿಕೆ ಸಣ್ಣದು ಎಂದೆ. ಭಯ ನಿಜವಾಗಿಯೂ ಇತ್ತು. ಅಣ್ಣನ ಕಟ್ಟುಕಥೆಯ ಹೆಂಗಸು ನನ್ನೊಳಗೆ ಊರೂರು ಬದಲಾಯಿಸುತ್ತ ಓಡಾಡುತ್ತಿದ್ದಳು. ಅವ್ವ ಬೇಡ ಎಂದಿರುವಾಗ ಟೇಬಲ್ಲಿನ ಮೇಲೆ ಮಲಗಿ ನಾನು ಏಳದೇ ಹೋದರೆ, ಅವ್ವ ತನ್ನ ಉಳಿದ ಆಯುಷ್ಯವನ್ನು ನಾನು ಹೇಳಿರ್ಲಿಲ್ವಾ ಎನ್ನುವುದರಲ್ಲೇ ಕಳೆಯಬೇಕಾಗುತ್ತದೆ ಎನಿಸುತ್ತಿತ್ತು.

ಕೆಲವು ದಿನ ಮುಂಚೆಯೇ ಅವ್ವ ನನ್ನನ್ನು ಮತ್ತೆ ಊರಿಗೆ ಕರೆಸಿಕೊಂಡು ತೂಗುವ ದಿನದವರೆಗೆ ಇರಿಸಿಕೊಂಡಳು. ಮಿಲ್ಲಿಗೆ ರಜೆ ಹಾಕಿದೆ. ತೂಕದಲ್ಲಿ ಒಂದು ಹಿಡಿಯೂ ಕಡಿಮೆಯಾಗಬಾರದೆಂದು ಬೆಳಿಗ್ಗೆ ರಾಗಿ ಮುದ್ದೆ, ಹುರುಳಿ ಸಾರು, ಮಧ್ಯಾಹ್ನ ನಾಟಿಕೋಳಿ, ಸಂಜೆ ತೋಟದಿಂದ ಪನ್ನೀರು ದ್ರಾಕ್ಷಿ. ಸಕ್ಕರೆಯ ಮಾತ್ರೆ ನುಂಗಿ ದ್ರಾಕ್ಷಿ ತಿಂದೆ. "ಉಣ್ಣು ಕಣ್ಣು, ಆಮೇಲೆ ಎಲ್ಲಿ ಉಣ್ತೀಯ?" ಎನ್ನುತ್ತಿದ್ದಳು. ಅದರಲ್ಲಿ ಚುಚ್ಚುವುದೂ ಇತ್ತು, ಮುದ್ದೂ ಇತ್ತು. ನಾನು ಬೇಡ ಎನ್ನಲಿಲ್ಲ. ಅವ್ವನಿಗಾಗಿ ಉಣ್ಣುತ್ತಿದ್ದೇನೆ ಎಂದು ಹೇಳಿಕೊಳ್ಳುವುದು ಸುಲಭ. ಆದರೆ ಆ ಸಾರಿನ ಬಟ್ಟಲನ್ನು ನಾನು ಯಾರಿಗಾಗಿಯೂ ನೆಕ್ಕಲಿಲ್ಲ. ಕೊನೆಯ ಊಟ ಸಿಕ್ಕಿದವಳ ಹಾಗೆ ಉಂಡೆ. ಬಾಗಿಲ ಬಳಿ ನಿಂತು ನಾನು ಉಣ್ಣುವುದನ್ನು ನೋಡುತ್ತಿದ್ದ ಅವ್ವನ ಮುಖದಲ್ಲಿ ಆ ದಿನಗಳಲ್ಲಿ ಒಂದು ನೆಮ್ಮದಿ ಇತ್ತು. ಅದನ್ನೇ ಕತ್ತರಿಸಲು ಹೊರಟಿದ್ದೇನೆ ಎಂದು ನನಗೆ ಗೊತ್ತಿತ್ತು.

ದೊಡ್ಡಿಯ ಹತ್ತಿರ ಒಂದು ಬೇವಿನ ಮರ. ಯಾರದೋ ಅಟ್ಟದ ಮೇಲಿದ್ದ, ಹಿಂದೆ ಹತ್ತಿ ತೂಗುತ್ತಿದ್ದ ದೊಡ್ಡ ತಕ್ಕಡಿಯನ್ನು ಅಣ್ಣ ತಂದು ಕೊಂಬೆಗೆ ತೂಗುಹಾಕಿದ್ದ. ಒಂದು ಕಡೆ ನನಗೆ ಹಲಗೆ, ಇನ್ನೊಂದು ಕಡೆ ಮೂಟೆಗಳಿಗೆ ಹಲಗೆ. ನೆಂಟರು ಬಂದಿದ್ದರು. ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಎಲ್ಲರಿಗಿಂತ ಮುಂದೆ ಕಲ್ಲಿನ ಮೇಲೆ ಕೂತಿದ್ದಳು. ಅಣ್ಣ ಹಗ್ಗವನ್ನು ಎರಡೆರಡು ಸಲ ಜಗ್ಗಿ ನೋಡಿದ. ಅವನು ನನ್ನ ಮರ್ಯಾದೆಗಾಗಿ ಮೆಲ್ಲಗೇ ಜಗ್ಗಿದ, ಆದರೆ ಎಲ್ಲರೂ ನೋಡಿದರು.

ಕೂತೆ. ನನ್ನ ಕಡೆಯ ಹಲಗೆ ನೆಲಕ್ಕೆ ಅಂಟಿಕೊಂಡಿತು. ಎದುರಿಗೆ ಒಂದು ಮೂಟೆ ಇಟ್ಟರು. ಏನೂ ಆಗಲಿಲ್ಲ. ಇನ್ನೊಂದು ಇಟ್ಟರು. ಹಗ್ಗ ಕಿರುಗುಟ್ಟಿತು, ಅಷ್ಟೇ.

"ಆನೆಗೂ ಇಷ್ಟು ಬೀಜ ಇಕ್ಕಲ್ಲ ಕಣಕ್ಕಾ," ಎಂದು ಯಾರೋ ಹೆಂಗಸು ಅಂದಳು.

ದೊಡ್ಡವ್ವ ತಿರುಗಿಯೂ ನೋಡಲಿಲ್ಲ. "ನಿನ್ ಸೊಸೇನ ಕೂರ್ಸಿದ್ರೆ ಒಂದ್ ಮೊರದ್ ಬೀಜಕ್ಕೇ ಮರದ್ ಮ್ಯಾಲೆ ಓಗಿ ಕುಂತ್ಕೋತಾಳೆ. ಬಾಯ್ ಮುಚ್ಚು." ಆಮೇಲೆ ಅಣ್ಣನಿಗೆ, "ಇನ್ನೊಂದ್ ಮೂಟೆ ತಾರ್ಲಾ! ನಮ್ ಉಡ್ಗಿ ಏನು ಅಗ್ಗದ್ದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂರನೆಯ ಮೂಟೆಯನ್ನು ಇಡಲಿಲ್ಲ, ಬಿಚ್ಚಿ ಮೊರದಿಂದ ಸ್ವಲ್ಪಸ್ವಲ್ಪ ಸುರಿದರು. ನನ್ನ ಪಾದದ ಕೆಳಗೆ ನೆಲ ಸಡಿಲವಾಯಿತು. ಹಲಗೆ ಎದ್ದಿತು. ಒಂದು ಗಳಿಗೆ ನಾನು ಗಾಳಿಯಲ್ಲಿದ್ದೆ, ತೂಗುತ್ತ, ಯಾರ ಕೈಯೂ ತಾಗದೆ. ಹೆಂಗಸರು ನಾಲಗೆ ಆಡಿಸಿ ಕುಲವೆ ಹಾಕಿದರು. ಜೀವಮಾನದಲ್ಲಿ ನನ್ನ ದಪ್ಪಕ್ಕೆ ಯಾರಾದರೂ ಹೆಮ್ಮೆಪಟ್ಟದ್ದು ಅದೊಂದೇ ಸಲ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಂಗೈ ಅಗಲ ಇದ್ಲು, ಅಂಗೈ ಅಗಲ," ಎಂದು ಪಕ್ಕದವರಿಗೆಲ್ಲ ತನ್ನ ಅಂಗೈ ತೋರಿಸುತ್ತಿದ್ದಳು.

ಹಾಗೆ ಹೇಳುವಾಗ ಅವಳು ನನ್ನನ್ನು ನೋಡುತ್ತಿದ್ದಳು ಎಂದು ಬಹಳ ದಿನ ನಂಬಿದ್ದೆ. ಅಣ್ಣನ ಮಗಳು ಫೋನಿನಲ್ಲಿ ತೆಗೆದ ವಿಡಿಯೋ ಇದೆ. ಅದರಲ್ಲಿ ಅವ್ವ ನನಗೆ ಬೆನ್ನು ಹಾಕಿ, ಮೂಟೆಗಳ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ. ವಿಡಿಯೋ ಸುಳ್ಳು ಹೇಳುವುದಿಲ್ಲ. ಆದರೂ ನನಗೆ ಅವಳ ಕಣ್ಣು ನೆನಪಿದೆ.

ಸಂಜೆ ನೆನೆಹಾಕಿ ರುಬ್ಬಿದ ಬೀಜವನ್ನು ದನಗಳು ತೊಟ್ಟಿಗೆ ಮೂತಿಯಿಟ್ಟು ತಿನ್ನುವುದನ್ನು ನೋಡಿ ಮನೆಗೆ ಬಂದೆವು. ಜಗಲಿಯಲ್ಲಿ ಕಾಲು ಚಾಚಿ ಕೂತ ಅವ್ವ ದೊಡ್ಡ ಉಸಿರು ಬಿಟ್ಟಳು.

"ಇನ್ನು ಇಳ್ದೋಗ್ತದೆ ಬುಡು. ಸಾಮಿ ತಕ್ಕೊಂಡಾಯ್ತಲ್ಲ."

"ಏನು ಇಳಿಯೋದು?"

"ನಿನ್ ಮೈಯಿ. ಕೊಡ್ದೆ ಇಟ್ಕೊಂಡಿದ್ದಕ್ಕೆ ತಾನೆ ಇಂಗೆ ಬೆಳೀತಾ ಓಗಿದ್ದು? ಈಗ ಕೊಟ್ಟಾಯ್ತು. ಇನ್ಯಾಕೆ ಆಸ್ಪತ್ರೆ?"

ಇಲ್ಲಿ ನಾನು ಆಶ್ಚರ್ಯಪಟ್ಟೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಪಡಲಿಲ್ಲ. ಅವ್ವ ಹಾಗೆ ಎಣಿಸಿಕೊಂಡಿದ್ದಾಳೆಂದು ನನಗೆ ಮೊದಲೇ ಗೊತ್ತಿತ್ತು. ಉಣ್ಣಿಸುವಾಗಿನ ಅವಳ ನೆಮ್ಮದಿಯಲ್ಲೇ ಅದು ಕಾಣುತ್ತಿತ್ತು. ಅವಳು ಹರಕೆ ತೀರಿಸಿದರೆ ಆಪರೇಷನ್ ತಪ್ಪುತ್ತದೆಂದು ನನ್ನನ್ನು ಕೂರಿಸಿದಳು, ನಾನು ಕೂತರೆ ಆಪರೇಷನ್ನಿಗೆ ಅಡ್ಡಿಯಿರುವುದಿಲ್ಲವೆಂದು ಕೂತೆ. ನಡುವೆ ಬಾಯಿಬಿಟ್ಟಿದ್ದರೆ ತಕ್ಕಡಿಯೇ ಏಳುತ್ತಿರಲಿಲ್ಲ. ಅದಕ್ಕೇ ಬಿಡಲಿಲ್ಲ.

"ಅವ್ವ, ಆಪರೇಷನ್ ದಿನ ಗೊತ್ತು ಮಾಡಿಯಾಯ್ತು. ನಾಳೆಯಿಂದ ನೀರ್ ಊಟ."

ಅವ್ವ ಕಾಲು ಮಡಚಿಕೊಂಡಳು. "ಒಟ್ಟೆನೂ ಸೇರ್ಸಿ ತಾನೆ ತೂಗಿದ್ದು?"

"ಹೂಂ."

"ತೂಗಿದ್ದು ಸಾಮೀದು. ಅದ್ನ ಕುಯ್ಯಾಕೆ ನೀ ಯಾರು?"

ಗಂಡ ನಡುವೆ ಬಾಯಿಹಾಕಿದರು. "ಬೀಜ ಕೊಟ್ಟಿದ್ದು ಇವ್ಳ ಬದ್ಲಿಗೆ ತಾನೆ ಅತ್ತೆ? ಬೀಜ ಸಾಮಿಗೆ, ಇವ್ಳು ನಮ್ಗೆ. ಬಿಡಿಸ್ಕೊಂಡಂಗಾಯ್ತಲ್ಲ."

"ಬಿಡಿಸ್ಕೊಂಡಿದ್ದು ಇಡೀ ಮಗ್ಳನ್ನ ಮಾಪ್ಳೆ. ತುಂಡು ಮಾಡಾಕಲ್ಲ. ಮೊದ್ಲೇ ಕುಯ್ಸ್ಕೊಂಡು ಬಂದಿದ್ರೆ ಸಾಮಿಗೆ ಮೋಸ. ಈಗ ಕುಯ್ಸ್ಕೊಂಡ್ರೆ ಕಳ್ತನ."

ಹರಕೆ ತೀರಿಸಿ ಹಗುರವಾಗಬಹುದೆಂದು ಕೂತವಳು ಇನ್ನೊಂದು ಕಟ್ಟಿನಲ್ಲಿ ಸಿಕ್ಕಿಬಿದ್ದಿದ್ದೆ. ತೂಗದೆ ಇದ್ದ ಮೈ ನನ್ನದಾಗಿತ್ತು, ತೂಗಿದ ಮೇಲೆ ಅದರ ಒಂದೊಂದು ತುಂಡಿಗೂ ಅವ್ವ ಸಾಕ್ಷಿಯಾಗಿದ್ದಳು. ಮರುದಿನ ಬೆಳಿಗ್ಗೆ ದಿಂಡಿಗಲ್ಲಿನ ನಮ್ಮ ಮನೆಗೆ ಹೊರಟೆವು. ಚೀಲಕ್ಕೆ ಅವ್ವ ಏನೂ ತುಂಬಲಿಲ್ಲ. ಬರೀ ಚೀಲ ಹಿಡಿದು ಆ ಮನೆಯಿಂದ ನಾನು ಹೊರಟದ್ದೇ ಇಲ್ಲ.

ಆ ಎರಡು ವಾರ ತಿಳಿಸಾರು, ಮಜ್ಜಿಗೆ, ಪುಡಿ ಕದಡಿದ ಹಾಲು. ಮೊದಮೊದಲು ಹಸಿವಿನಿಂದ ತಲೆ ಸಿಡಿಯುತ್ತಿತ್ತು, ಆಮೇಲೆ ಹಸಿವು ಬೇರೆ ಯಾರದೋ ಎನಿಸತೊಡಗಿತು. ಅವ್ವ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಅಣ್ಣನೇ ಎತ್ತುತ್ತಿದ್ದ. "ಅವ್ವ ತೋಟಕ್ಕೆ ಓಗೈತೆ" ಎನ್ನುತ್ತಿದ್ದ, ಹಿಂದಿನಿಂದ ಅವ್ವನ ಕೆಮ್ಮು ಕೇಳುತ್ತಿತ್ತು. ಆಸ್ಪತ್ರೆಯ ಸಲಹೆಗಾರ್ತಿ ಕೇಳಿದಳು, ಮನೆಯವರ ಬೆಂಬಲ ಇದೆಯೇ ಎಂದು. ಇದೆ ಎಂದೆ. ಗಂಡನನ್ನು ತೋರಿಸಿದೆ. ಅವರು ತಲೆಯಾಡಿಸಿದರು, ಆದರೆ ಹೊರಗೆ ಬಂದ ಮೇಲೆ ಮೋಟಾರುಬೈಕಿನ ಬಳಿ ನಿಂತು, "ಬೇಡ ಅನ್ನಿಸಿದ್ರೆ ಈಗ್ಲೂ ಬಿಟ್ಬಿಡಣ. ಮೂಗಿಗೆ ಬೆರಳಿಡೋದು ನಂಗೇನ್ ಭಾರ ಅಲ್ಲ," ಎಂದರು. ಅವರಿಗೂ ಭಯವಾಗಿತ್ತು. ಅಣ್ಣನಿಗೆ ಭಯ, ಅವ್ವನಿಗೆ ಭಯ, ಅವರಿಗೆ ಭಯ. ಎಲ್ಲರಿಗೂ ಇಷ್ಟು ಭಯ ಹಂಚಿ ನಾನು ಪಡೆಯುವುದು ಏನು ಎಂದು ಯೋಚಿಸಿದೆ. ಮೆಟ್ಟಿಲು ಹತ್ತುವುದು, ಹಗಲಿನಲ್ಲಿ ಎಚ್ಚರವಾಗಿರುವುದು. ಅವು ದೊಡ್ಡ ಸಂಗತಿಗಳಾಗಿ ಕಾಣಲಿಲ್ಲ. ಆದರೂ ಅವು ನನಗೆ ಬೇಕಿದ್ದವು, ಅವ್ವನ ನೆಮ್ಮದಿಗಿಂತ ಹೆಚ್ಚಾಗಿಯೇ ಬೇಕಿದ್ದವು. ಹಾಗೆ ಒಪ್ಪಿಕೊಂಡದ್ದೇ ನನ್ನ ತೀರ್ಮಾನ ಇರಬೇಕು. ಅಲ್ಲಿ ಬಸ್ಸಿರಲಿಲ್ಲ, ಕಂಡಕ್ಟರ್ ಇರಲಿಲ್ಲ. "ಬಿಡೋದು ಬೇಡ ಮಾಮಾ," ಎಂದೆ ಗಂಡನಿಗೆ, ಬೈಕಿನ ಹಿಂದೆ ಕಷ್ಟಪಟ್ಟು ಹತ್ತಿ ಕೂತೆ.

ಆಪರೇಷನ್ ದಿನ ಬೆಳಿಗ್ಗೆ ಅವ್ವ ಬಂದಳು. ಅಣ್ಣ ಮೊದಲ ಬಸ್ಸಿಗೇ ಕರೆತಂದಿದ್ದ. ಹಣೆಗೆ ವಿಭೂತಿ ಹಚ್ಚುತ್ತಾಳೆ ಎಂದುಕೊಂಡೆ. ಹಚ್ಚಲಿಲ್ಲ. ಹಾಸಿಗೆಯ ಪಕ್ಕ ನಿಂತು, "ಕುಯ್ದಿದ್ನ ಈಸ್ಕೊಂಡು ಬಾ," ಎಂದಳು.

"ಏನ್ನ?"

"ಒಟ್ಟೇನ. ಸಾಮೀದು ಕಸದ್ ತೊಟ್ಟಿಗೆ ಓಗ್ಬಾರ್ದು. ತಂದ್ರೆ ದೊಡ್ಡಿ ಅತ್ರ ಊಳ್ತೀನಿ."

ಸ್ಟ್ರೆಚರ್ ತಳ್ಳುವವನು ಕಾಯುತ್ತಿದ್ದ. ಆಯಿತು ಕೇಳುತ್ತೇನೆ ಎಂದೆನೋ, ಕೊಡುವುದಿಲ್ಲ ಅವ್ವ ಎಂದೆನೋ ಗೊತ್ತಿಲ್ಲ. ನಾನು ಮಾತು ಕೊಟ್ಟೆ ಎಂದು ಅವ್ವ ಹೇಳುತ್ತಾಳೆ. ಏನೂ ಹೇಳಲಿಲ್ಲ, ಸುಮ್ಮನೆ ಕಣ್ಣೀರು ಹಾಕಿದೆ ಎಂದು ಗಂಡ ಹೇಳುತ್ತಾರೆ. ಆಮೇಲೆ ನೆನಪಿರುವುದು ಮೇಲಿನ ದೀಪ, ಮುಖಕ್ಕೆ ಬಂದ ಮುಚ್ಚಳ, ಉಸಿರು ಎಳೆದುಕೊಳ್ಳಿ ಎಂದ ಯಾರದೋ ದನಿ.

ಎದ್ದೆ. ಎಲ್ಲ ಸರಿಯಾಗಿ ಆಗಿತ್ತು. ಮರುದಿನ ಬೆಳಿಗ್ಗೆ ಡಾಕ್ಟರ್ ನೋಡಲು ಬಂದರು, ಸೋರಿಕೆಯಿಲ್ಲ, ಇನ್ನು ಗುಟುಕು ಗುಟುಕಾಗಿ ನೀರು ಕುಡಿಯಬಹುದು ಎಂದರು. ಅವರು ತಿರುಗುವಷ್ಟರಲ್ಲಿ ಅವ್ವ ಎದ್ದು ಅಡ್ಡ ನಿಂತಳು. ಮನೆಯ ಮಾತು ಬಿಟ್ಟು ತಮಿಳಿನಲ್ಲಿ, ಕೈಮುಗಿದು ಕೇಳಿದಳು, ಕತ್ತರಿಸಿದ್ದನ್ನು ಎಲ್ಲಿಟ್ಟಿದ್ದೀರಿ ಅಯ್ಯಾ, ನಮಗೆ ಕೊಡಿ. ಡಾಕ್ಟರ್ ಚಿಕ್ಕ ವಯಸ್ಸಿನವರು. ನಗಲಿಲ್ಲ, ಅದು ಅವರ ದೊಡ್ಡತನ. ಅದನ್ನು ಪರೀಕ್ಷೆಗೆ ಕಳುಹಿಸಿದ್ದೇವೆ ಅಮ್ಮಾ, ಆಮೇಲೆ ಕೊಡಲು ಬರುವುದಿಲ್ಲ, ಕಾನೂನು ಹಾಗಿದೆ ಎಂದರು.

"ಬಿಸಾಕ್ತೀರಾ?"

"ಇಲ್ಲಮ್ಮಾ. ಸುಡ್ತೀವಿ."

"ಬೆಂಕೀಲಾ?"

"ಹೌದು. ಅದಕ್ಕೇ ಅಂತ ಬೇರೆ ಜಾಗ ಇದೆ."

ಅವ್ವ ಕೈ ಇಳಿಸಿದಳು. ನಮ್ಮಲ್ಲಿ ಸಣ್ಣ ಕೂಸುಗಳನ್ನು ಹೂಳುತ್ತಾರೆ, ದೊಡ್ಡವರನ್ನು ಸುಡುತ್ತಾರೆ. ಅವಳು ಯಾವ ಲೆಕ್ಕ ಹಾಕಿದಳೋ. ಕೋಣೆಯ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುವ ಸದ್ದು ಬಂತು. ಬಹಳ ಹೊತ್ತು ಬಂತು. ಹೊರಗೆ ಬಂದಾಗ ಸೀರೆಯ ಸಮೇತ ನೆಂದಿದ್ದಳು, ಬಿಚ್ಚಿದ ಬಿಳಿ ಕೂದಲಿನಿಂದ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ನೆಲ ಒರೆಸುವ ಹೆಂಗಸು ತಮಿಳಿನಲ್ಲಿ ಜೋರು ಮಾಡಿದಳು, ಏನಜ್ಜಿ ಇದು, ಯಾರಾದರೂ ಜಾರಿ ಬಿದ್ದರೆ?

"ನಮ್ ಮನೇಲಿ ಸಾವಾಗೈತೆ ತಾಯಿ," ಎಂದಳು ಅವ್ವ, ಅವಳಿಗೆ ಅರ್ಥವಾಗದ ನಮ್ಮ ಮಾತಿನಲ್ಲೇ. ಆಮೇಲೆ ತಮಿಳಿನಲ್ಲಿ ಹೇಳಿದಳು. ಆ ಹೆಂಗಸು ಗಾಬರಿಯಾಗಿ ಯಾರು ಎಂದು ಕೇಳಿದಳು. ಅವ್ವ ನನ್ನ ಹೊಟ್ಟೆಯ ಕಡೆ ಕೈ ತೋರಿಸಿದಳು.

ಅಣ್ಣ ಮುಖ ಆ ಕಡೆ ತಿರುಗಿಸಿದ. ನಗು ತಡೆದನೋ ಅಳು ತಡೆದನೋ, ಭುಜ ಅಲುಗುತ್ತಿತ್ತು. ಗಂಡ ಟವೆಲ್ ತಂದು ಕೊಟ್ಟರು. "ಅತ್ತೆ, ಜ್ವರ ಬಂದೀತು." ನಾನು ಮಲಗಿಕೊಂಡೇ ನೋಡಿದೆ. ಮೂರು ಸಣ್ಣ ಪಟ್ಟಿಗಳ ಕೆಳಗೆ ನೋವಿತ್ತು, ಗಂಟಲು ಒಣಗಿತ್ತು. ಅವ್ವ ಸೂತಕದ ಸ್ನಾನ ಮಾಡಿದ್ದಳು. ನಾನು ಬದುಕಿ ಕಣ್ಣು ಬಿಟ್ಟುಕೊಂಡು ಮಲಗಿರುವಾಗ, ನನ್ನದೇ ಒಂದು ಭಾಗಕ್ಕೆ, ಕುಲದವರು ಯಾರೂ ಇಲ್ಲದ ಊರಿನಲ್ಲಿ, ಒಬ್ಬಳೇ. ಅವಳಿಗೆ ಹೀಗೆ ಮಾಡುವ ಅವಸ್ಥೆ ತಂದವಳು ನಾನು. ತಪ್ಪಾಯಿತು ಅವ್ವ ಎನ್ನಬೇಕೆನಿಸಿತು. ಆದರೆ ತಪ್ಪಾಯಿತು ಎಂದರೆ, ಮತ್ತೆ ಮಾಡುವುದಿಲ್ಲ ಎಂದೂ ಅರ್ಥ. ಮತ್ತೆ ಆ ದಿನ ಬಂದರೆ ನಾನು ಮತ್ತೆ ಹೋಗಿ ಮಲಗುತ್ತಿದ್ದೆ.

ಅವ್ವ ತಲೆ ಒರೆಸಿಕೊಳ್ಳಲಿಲ್ಲ. ಔಷಧಿ ಅಳೆಯುವ ಸಣ್ಣ ಲೋಟ ಮೇಜಿನ ಮೇಲಿತ್ತು. ಅದಕ್ಕೆ ನೀರು ಹಾಕಿ ನನ್ನ ಹತ್ತಿರ ಬಂದು, ತಟ್ಟನೆ ನಿಂತಳು. ಸೂತಕದವಳು ಮುಟ್ಟಬಹುದೋ ಬಾರದೋ ಎಂದು ಯೋಚಿಸಿದಳೇನೋ. ಆಮೇಲೆ ಮುಟ್ಟಿದಳು. ತಣ್ಣಗಿನ ಒದ್ದೆ ಕೈಯನ್ನು ನನ್ನ ಕತ್ತಿನ ಹಿಂದೆ ಕೊಟ್ಟು ಎತ್ತಿದಳು.

"ಸೂತ್ಕ ನಂಗೆ. ನಿಂಗಿಲ್ಲ. ಕುಡಿ."

ಒಂದು ಗುಟುಕು ಕುಡಿದೆ. ಅದು ಎಲ್ಲೆಲ್ಲಿ ಇಳಿಯಿತೆಂದು ಗೊತ್ತಾಯಿತು.

"ಸಾಕು ಅವ್ವ."

ಇನ್ನೊಂದು ಗುಟುಕು ಎನ್ನುತ್ತಾಳೆಂದು ಕಾದೆ. ಅನ್ನಲಿಲ್ಲ. ಲೋಟ ಹಿಡಿದುಕೊಂಡೇ ಹಾಸಿಗೆಯ ಅಂಚಿನಲ್ಲಿ ಕೂತು, ಕುಡಿದದ್ದು ನಿಂತಿತೋ ಇಲ್ಲವೋ ಎಂದು ನನ್ನ ಗಂಟಲನ್ನೇ ನೋಡತೊಡಗಿದಳು.